ಗಿಡದ ಮಾತಿಗೆ ನಮ್ಮ ಮಕ್ಕಳನ್ನೂ ಕರೆಯೋಣ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಜನರು ಯಾವುದರ ಬಗ್ಗೆ ಮಾತಾಡುತ್ತಾರೆ? ನನ್ನ ಪ್ರವಚನದ ಬಗ್ಗೆ ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು! ಕಾಸರಗೋಡಿನ ನಮ್ಮ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಸಾಕು, ಮಾತೆಲ್ಲ ಗಿಡದ್ದೇ. "ನಿಮ್ಮಲ್ಲಿ ಅಲಸಂಡೆ ಬೀಜ ಹಾಕಿ ಆಯಿತಾ?" "ಹಾಕಿದ್ದೆ, ಮೊಳಕೆ ಬಂದದ್ದನ್ನೆಲ್ಲ ಬಸವನಹುಳ ತಿಂದು ಮುಗಿಸಿತು ಮಾರಾಯ್ರೆ." ಒಬ್ಬರು ಸುಡುಮಣ್ಣು ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಅಕ್ಕಿ ತೊಳೆದ ನೀರು ಸಾಕು ಎನ್ನುತ್ತಾರೆ. ಮತ್ತೊಬ್ಬರು ಒದ್ದೆ ಪೇಪರಿನಲ್ಲಿ ಸುತ್ತಿ ತಂದ ದಾಸವಾಳದ ಗೆಲ್ಲನ್ನು ಗೆಳತಿಯ ಚೀಲಕ್ಕೆ ಮೆಲ್ಲನೆ ಸೇರಿಸುತ್ತಾರೆ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಇರುವುದರಿಂದ, ಕೇಳದೆ ಕೊಂಡುಹೋದ ಗೆಲ್ಲಿಗೂ ಯಾರೂ ಜಗಳ ಮಾಡುವುದಿಲ್ಲ.

ಅಡಿಕೆ, ತೆಂಗು, ರಬ್ಬರಿನ ಮಾತು ಬೇರೆ. ಅದು ಹೊಟ್ಟೆಪಾಡಿನ ಮಾತು. ಅದರಲ್ಲಿ ಸಾಲ, ಕೊಳೆರೋಗ, ಮಾರುಕಟ್ಟೆ ದರ ಎಲ್ಲ ಸೇರಿಕೊಂಡಿರುತ್ತದೆ. ಚಟ್ಟಿಗಿಡದ ಮಾತಿನಲ್ಲಿ ಲಾಭ ನಷ್ಟ ಇಲ್ಲ. ಹತ್ತು ಎಕರೆ ತೋಟದವರೂ ಮೂರು ಸೆಂಟ್ಸಿನ ಮನೆಯವರೂ ಇಲ್ಲಿ ಸಮಾನರು. ಪಕ್ಕದ ಮನೆಯ ಭಟ್ಟರ ಹೆಂಡತಿ ಬೇಲಿಯ ಆಚೆಯಿಂದ "ಬಾಯಮ್ಮ, ನಿಮ್ಮ ಬಸಳೆ ಎಂತ ಕೊಬ್ಬಿದ್ದು! ಒಂದು ತುಂಡು ಬಳ್ಳಿ ಕೊಡಿ" ಎಂದು ಕೇಳುವಾಗ ಅಲ್ಲಿ ಜಾತಿಯೂ ಇಲ್ಲ, ಮತವೂ ಇಲ್ಲ. ಓಣಂಗೆ ಮೊದಲು ಕೃಷಿ ಭವನದಿಂದ ಸಿಗುವ ತರಕಾರಿ ಬೀಜದ ಪೊಟ್ಟಣಗಳು ಮೂರು ಮನೆಗೆ ಹಂಚಿಹೋಗುತ್ತವೆ. ಮೊಂತಿ ಹಬ್ಬದ ನೊವೆನಕ್ಕೆ ಒಂಬತ್ತು ದಿನ ಮಕ್ಕಳು ಹೂ ತರಬೇಕಲ್ಲ, ಆಗ ಯಾರ ಮನೆಯಲ್ಲಿ ಯಾವ ಹೂ ಅರಳಿದೆ ಎಂಬ ಲೆಕ್ಕ ಇಡೀ ವಾಳೆಗೇ ಬಾಯಿಪಾಠ!

ಈ ಮಾತನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೆಮಿನರಿಯಲ್ಲಿ ನಮಗೆ ಮಧ್ಯಾಹ್ನದ ಮೇಲೆ ಒಂದು ತಾಸು ತೋಟದ ಕೆಲಸ ಇತ್ತು. ತತ್ವಶಾಸ್ತ್ರದ ತರಗತಿಯಲ್ಲಿ ಬಾಯಿ ಬಿಡದ ಸಹಪಾಠಿಗಳು ಬದನೆ ಸಾಲಿನಲ್ಲಿ ಕಳೆ ಕೀಳುತ್ತಾ ಮನೆಯ ಕಷ್ಟ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ. ಕೈ ಮಣ್ಣಿನಲ್ಲಿದ್ದಾಗ, ಎದುರಿನವರ ಕಣ್ಣು ನಮ್ಮ ಮೇಲಿಲ್ಲದಾಗ ಮನಸ್ಸು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಧರ್ಮಗುರುವಾದ ಮೇಲೆ ಇದು ನನಗೆ ಇನ್ನಷ್ಟು ಸ್ಪಷ್ಟವಾಯಿತು. ಒಬ್ಬರು ವಿಧವೆ ತಾಯಿ ವಾರಕ್ಕೊಮ್ಮೆ ಗುರುನಿವಾಸಕ್ಕೆ ಬಂದು ನನ್ನ ತೊಂಡೆ ಚಪ್ಪರವನ್ನು ನೋಡಿ, "ಫಾದರ್, ಬಳ್ಳಿ ಒಣಗ್ತಾ ಉಂಟು" ಎಂದು ಸುರುಮಾಡುತ್ತಿದ್ದರು. ಬಳ್ಳಿಯ ಮಾತು ಮುಗಿಯುವಷ್ಟರಲ್ಲಿ ಕುಡಿತಕ್ಕೆ ಬಿದ್ದ ಮಗನ ಮಾತು ಬರುತ್ತಿತ್ತು. ತೊಂಡೆ ಚಪ್ಪರ ಇಲ್ಲದಿದ್ದರೆ ಆ ಮಾತು ಎಂದೂ ಬರುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಮನೆಯ ಹಿತ್ತಿಲ ತರಕಾರಿಗೆ ಇನ್ನೂ ಒಂದು ಅರ್ಥವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸುರಿದ ನೆಲ ಇದು. ಪಡ್ರೆಯಂಥ ಊರುಗಳು ಪಟ್ಟ ಪಾಡು ನಮಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. ಎಲೆಗೆ ಏನು ಹೊಡೆದಿದ್ದಾರೆ ಎಂದು ಕೇಳದೆ ತರಕಾರಿ ತಿನ್ನಲು ಹೆದರುವ ತಾಯಂದಿರು ನಮ್ಮಲ್ಲಿದ್ದಾರೆ. ಗಿಡದ ಮಾತು ನಮಗೆ ಬದುಕಿನ ಮಾತೂ ಹೌದು.

ಪ್ರಿಯರೇ, ಇಷ್ಟು ಹೇಳಿದ್ದು ಇನ್ನೊಂದು ಗಿಡದ ಬಗ್ಗೆ ಮಾತೆತ್ತುವುದಕ್ಕಾಗಿ. ಅಂಗಳದಲ್ಲಿ ಅದರ ಹೆಸರು ಬಂದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಆ ಗಿಡ ಗಾಂಜಾ.

ಬೇಲಿಯ ಆಚೆ

ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳು ಕೆನಡಾದಲ್ಲಿ ನರ್ಸ್. ರಜೆಯಲ್ಲಿ ಬಂದಿದ್ದಾಗ ಅವಳು ನಗುತ್ತಾ ಒಂದು ಸಂಗತಿ ಹೇಳಿದಳು. ಅವಳ ಪಕ್ಕದ ಮನೆಯಲ್ಲಿ ನಿವೃತ್ತ ದಂಪತಿ ಇದ್ದಾರೆ. ಹಿತ್ತಿಲಲ್ಲಿ ಟೊಮೆಟೊ, ಬೀನ್ಸ್, ಅದರ ಮಧ್ಯೆ ನಾಲ್ಕು ಗಾಂಜಾ ಗಿಡ. ಬೇಸಿಗೆಯ ಸಂಜೆ ಬೇಲಿಯ ಆಚೆಯಿಂದ ಅವರ ಗೆಳೆಯರ ಮಾತು ಇವಳಿಗೆ ಕೇಳುತ್ತದೆ. ಎಲೆ ಯಾಕೆ ಹಳದಿ ಆಗುತ್ತಿದೆ, ನುಸಿಗೆ ಬೇವಿನೆಣ್ಣೆ ಹೊಡೆಯಬಹುದೇ, ನಿನ್ನೆ ಗಾಳಿಗೆ ಗೆಲ್ಲು ಮುರಿಯಿತು, ಬೆಕ್ಕು ಚಟ್ಟಿಯಲ್ಲಿ ಮಲಗುತ್ತದೆ, ಮೊಮ್ಮಗಳಿಗೆ ಜ್ವರ ವಾಸಿಯಾಯಿತೇ, ಹೀಗೆ. "ಫಾದರ್, ಗಿಡದ ಹೆಸರು ಒಂದು ಬಿಟ್ಟರೆ ನಮ್ಮ ಅಮ್ಮ ಮತ್ತು ಬಸಳೆ ಕೇಳಲು ಬರುವವರ ಮಾತೇ" ಎಂದಳು.

ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಗಾಂಜಾ ಕೊಳ್ಳಬಹುದು, ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ದಕ್ಷಿಣ ಅಮೆರಿಕದ ಉರುಗ್ವೆ 2013ರಲ್ಲೇ ಅಂಥ ಕಾನೂನು ತಂದು ಮನೆಗೆ ಆರು ಗಿಡಗಳಿಗೆ ಅನುಮತಿ ಕೊಟ್ಟಿತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕನೊಬ್ಬ ಮೂರು ಗಿಡ ಇಟ್ಟುಕೊಳ್ಳಬಹುದು. ಆ ದೇಶಗಳಲ್ಲಿ ಗಾಂಜಾ ಬೆಳೆಸುವ ಹವ್ಯಾಸಿಗಳು ನಮ್ಮ ಮಲ್ಲಿಗೆ ಪ್ರಿಯರ ಹಾಗೆಯೇ ದಿನನಿತ್ಯ ಕುಶಲ ವಿಚಾರಿಸಿಕೊಳ್ಳುತ್ತಾರೆ. ಅವರನ್ನೆಲ್ಲ ರಾಕ್ಷಸರೆಂದು ಚಿತ್ರಿಸಿದರೆ ನಮ್ಮ ಯುವಕರು ನಂಬುವುದಿಲ್ಲ. ಏಕೆಂದರೆ ಅವರಲ್ಲಿ ಅನೇಕರು ಆ ದೇಶಗಳಿಗೆ ಹೋಗಿಬಂದ ಅಣ್ಣ ಅಕ್ಕಂದಿರಿಂದ ಇದನ್ನೆಲ್ಲ ಕೇಳಿ ತಿಳಿದಿದ್ದಾರೆ. ಸುಳ್ಳು ಹೇಳಿ ಹೆದರಿಸಿದ ಹಿರಿಯರ ಬಳಿಗೆ ಮಕ್ಕಳು ನಿಜವಾದ ಕಷ್ಟ ಬಂದಾಗ ಬರುವುದಿಲ್ಲ.

ಗಿಡಕ್ಕೆ ಪಾಪವಿಲ್ಲ

ಗಾಂಜಾ ಗಿಡವೂ ದೇವರ ಸೃಷ್ಟಿಯೇ. ನಮ್ಮ ಪಪ್ಪಾಯಿ, ಜಾಯಿಕಾಯಿ, ಪುನರ್ಪುಳಿಯ ಹಾಗೆ ಇದರಲ್ಲೂ ಗಂಡು ಗಿಡ, ಹೆಣ್ಣು ಗಿಡ ಎಂದು ಬೇರೆ ಬೇರೆ. ಹೆಣ್ಣು ಗಿಡದ ಹೂವಿನಲ್ಲಿ ಅಂಟು ಹೆಚ್ಚು. ಅಮಲು ತರುವ ಟಿಎಚ್‌ಸಿ ಎಂಬ ವಸ್ತು ಇರುವುದು ಮುಖ್ಯವಾಗಿ ಅದರಲ್ಲಿ. ಇದರ ಎಲೆ ಅಂಗೈ ಬೆರಳಿನಂತೆ ಸೀಳಿಕೊಂಡಿರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ ಕಡೆಯ ನಮ್ಮ ಓದುಗರು ಪಲ್ಯ ಮಾಡಿ ಉಣ್ಣುವ ಪುಂಡಿಯ ಒಂದು ಜಾತಿಗೆ ಸಸ್ಯಶಾಸ್ತ್ರಜ್ಞರು ಹಿಬಿಸ್ಕಸ್ ಕ್ಯಾನಬಿನಸ್ ಎಂದು ಹೆಸರಿಟ್ಟದ್ದು ಅದರ ಎಲೆ ಗಾಂಜಾ ಎಲೆಯನ್ನು ಹೋಲುವ ಕಾರಣಕ್ಕೇ. ಪಾಪ, ಪುಂಡಿಯಲ್ಲಿ ಅಮಲೇನೂ ಇಲ್ಲ!

ಔಷಧವಾಗಿಯೂ ಈ ಗಿಡದಿಂದ ಉಪಯೋಗವಿದೆ. ಮಕ್ಕಳಿಗೆ ಬರುವ ಕೆಲವು ಅಪರೂಪದ, ಹಠಮಾರಿ ಅಪಸ್ಮಾರಕ್ಕೆ ಇದರ ಒಂದು ಅಂಶದಿಂದ ಮಾಡಿದ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಅಮಲು ಬರಿಸುವ ಅಂಶವಲ್ಲ, ಮತ್ತು ಅದನ್ನು ಕೊಡುವವರು ವೈದ್ಯರು.

ಓದಿಕೊಂಡ ಯುವಕರು ನನ್ನೊಡನೆ ವಾದಿಸುವಾಗ ಒಂದು ಹಳೆಯ ವರದಿಯನ್ನು ಎತ್ತುತ್ತಾರೆ. ಬ್ರಿಟಿಷ್ ಸರಕಾರ 1893ರಲ್ಲಿ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ 1894ರಲ್ಲಿ ಏಳು ಸಂಪುಟಗಳ ವರದಿ ಕೊಟ್ಟು, ಮಿತವಾದ ಸೇವನೆಯಿಂದ ಹೆಚ್ಚಿನ ಕೇಡಿಲ್ಲ, ಪೂರ್ಣ ನಿಷೇಧ ಬೇಡ ಎಂದಿತ್ತು. ಮಾತು ನಿಜ. ಆದರೆ ಮಿತಿ ಮೀರಿದ ಸೇವನೆ ಹಾನಿಕರ ಎಂದೂ ಅದೇ ವರದಿ ಹೇಳಿದೆ. ಮೇಲಾಗಿ ಅಂದಿನ ಗಿಡವೇ ಬೇರೆ, ಇಂದಿನ ಗಿಡವೇ ಬೇರೆ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದ ಮಾದರಿಗಳಲ್ಲಿ 1995ರಲ್ಲಿ ಟಿಎಚ್‌ಸಿ ಸುಮಾರು ಶೇ. 4ರಷ್ಟಿತ್ತು, 2014ಕ್ಕಾಗುವಾಗ ಸುಮಾರು ಶೇ. 12ಕ್ಕೆ ಏರಿತ್ತು. ಇಪ್ಪತ್ತು ವರ್ಷದೊಳಗೆ ಮೂರು ಪಟ್ಟು. ನಾವು ಒಳ್ಳೆಯ ಬದನೆಯ ಬೀಜ ಆರಿಸಿ ಇಡುವ ಹಾಗೆ, ಬೆಳೆಸುವವರು ಹೆಚ್ಚು ಅಮಲಿನ ಗಿಡವನ್ನೇ ಆರಿಸುತ್ತಾ ಬಂದದ್ದು ಇದಕ್ಕೆ ಒಂದು ಮುಖ್ಯ ಕಾರಣ.

ಟೆರೇಸಿನ ಹುಡುಗ

ಈಗ ಒಬ್ಬ ಹುಡುಗನ ವಿಷಯ. ಹೆಸರು ಬೇಡ, ಊರು ಬೇಡ. ನಾನು ಹಿಂದೆ ಸೇವೆಯಲ್ಲಿದ್ದ ಕಡೆಯವನು. "ಬರೆಯಿರಿ ಫಾದರ್, ಯಾರಿಗಾದರೂ ಉಪಯೋಗ ಆಗಲಿ" ಎಂದು ಅವನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ನರ್ಸಿಂಗ್ ಕಲಿಯಲು ದೊಡ್ಡ ನಗರಕ್ಕೆ ಹೋದವನು. ಮೊದಲ ವರ್ಷ ಯಾರ ಪರಿಚಯವೂ ಇರಲಿಲ್ಲ. ರಾತ್ರಿ ಮನೆಯಿಂದ ಫೋನು ಬರುತ್ತಿತ್ತು. "ಊಟ ಆಯಿತಾ? ಓದಿದೆಯಾ?" ಎರಡು ಪ್ರಶ್ನೆ, ಎರಡು ಉತ್ತರ, ಫೋನು ಇಟ್ಟಾಯಿತು. ಬಾಡಿಗೆ ಮನೆಯ ಟೆರೇಸಿನಲ್ಲಿ ಸಂಜೆ ಐದಾರು ಜನ ಸೇರುತ್ತಿದ್ದರು. ಒಬ್ಬನ ಚಟ್ಟಿಯಲ್ಲಿ ಟೊಮೆಟೊ, ಒಬ್ಬನದ್ದರಲ್ಲಿ ಗುಲಾಬಿ, ಇಬ್ಬರದ್ದು ನೀರಿನ ಟ್ಯಾಂಕಿಯ ಮರೆಯಲ್ಲಿ ಗಾಂಜಾ. ಊರಿನಲ್ಲಿ ಅಮ್ಮನ ಜೊತೆ ಗಿಡ ನೆಟ್ಟು ಅಭ್ಯಾಸವಿದ್ದ ಇವನು ಮೊದಲು ಹೋದದ್ದು ಟೊಮೆಟೊಗೆ ಗೂಟ ಕಟ್ಟಲು. ಅಲ್ಲಿ ದಿನವೂ ಅವನನ್ನು ಯಾರಾದರೂ "ಇವತ್ತು ಹೇಗಿತ್ತು ನಿನ್ನ ದಿನ?" ಎಂದು ಕೇಳುತ್ತಿದ್ದರು. ವಾರ್ಡಿನಲ್ಲಿ ಮೊದಲ ಸಲ ಒಬ್ಬ ರೋಗಿ ಸತ್ತದ್ದನ್ನು ಕಂಡ ದಿನ ಅವನು ಅದನ್ನು ಹೇಳಿಕೊಂಡದ್ದು ಮನೆಗಲ್ಲ, ಟೆರೇಸಿಗೆ. ಆ ದಿನವೇ ಅವರು ಸೇದುತ್ತಿದ್ದುದನ್ನು ಇವನೂ ಸೇದಿದ. ಕೆಲವು ತಿಂಗಳಲ್ಲಿ ಅವನ ಹೆಸರಿನಲ್ಲೂ ಎರಡು ಚಟ್ಟಿಗಳಾದವು.

ಕ್ರಿಸ್ಮಸ್ಸಿನ ಸಮಯದಲ್ಲಿ ಪರೀಕ್ಷೆ ಇದ್ದುದರಿಂದ ಅವನು ಊರಿಗೆ ಬರಲಿಲ್ಲ. ತಾಯಿ ಕುಸ್ವಾರಿನ ಡಬ್ಬಿ ಹಿಡಿದು ತಾವೇ ಹೋದರು. ಬಟ್ಟೆ ಒಣಗಿಸಲು ಟೆರೇಸಿಗೆ ಹತ್ತಿದಾಗ ಬಾಡಿದ ಎರಡು ಗಿಡ ಕಂಡವು. ತಾಯಿಯ ಮನಸ್ಸು ಕೇಳಬೇಕಲ್ಲ? ಒಂದು ತಂಬಿಗೆ ನೀರು ತಂದು ಹೊಯ್ದರು. "ಮರಗೆಣಸಿನ ಎಲೆಯ ಹಾಗೆ ಉಂಟಲ್ಲ ಮಗಾ, ಇದು ಎಂತ ಗಿಡ?" ಎಂದು ಕೇಳಿದರು. "ಎಂತದೋ ಶೋ ಗಿಡ ಅಮ್ಮಾ" ಎಂದ. "ಬುಡಕ್ಕೆ ಸ್ವಲ್ಪ ಸುಡುಮಣ್ಣು ಬೇಕು ಇದಕ್ಕೆ" ಎಂದು ಹೇಳಿ ತಾಯಿ ಊರಿಗೆ ಬಂದರು.

ಎರಡು ತಿಂಗಳ ನಂತರ ಪೊಲೀಸರು ಬಂದರು. ಹುಡುಗ 23 ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ. ನಾನು ಮನೆಗೆ ಹೋದಾಗ ಆ ತಾಯಿ ನನ್ನನ್ನು ಕೇಳಿದ ಮೊದಲ ಮಾತು, "ಫಾದರ್, ನಾನೂ ನೀರು ಹಾಕಿದ್ದೇನಲ್ಲ, ನನ್ನ ಮೇಲೂ ಕೇಸು ಆಗ್ತದಾ?" ಎಂದು. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಅವನ ತಂದೆ ಎದ್ದು ಅಂಗಳಕ್ಕೆ ಹೋದರು.

ಕೇಸು ಇನ್ನೂ ನಡೆಯುತ್ತಿದೆ. ಕಲಿಕೆ ಮುಗಿಸಿ ಕೆನಡಾಕ್ಕೆ ಹೋಗುವುದು ಅವನ ಆಸೆಯಾಗಿತ್ತು. ಕ್ರಿಮಿನಲ್ ಮೊಕದ್ದಮೆ ಬಾಕಿ ಇರುವುದರಿಂದ ಪಾಸ್‌ಪೋರ್ಟ್ ಆಗಲಿಲ್ಲ. ನಾಲ್ಕು ಗಿಡ ಇಟ್ಟುಕೊಳ್ಳಬಹುದಾದ ದೇಶಕ್ಕೆ ಎರಡು ಗಿಡ ಇಟ್ಟುಕೊಂಡ ತಪ್ಪಿಗೆ ಹೋಗಲಾಗಲಿಲ್ಲ. ಈ ವರ್ಷ ನನ್ನೊಡನೆ ಮಾತಾಡುತ್ತಾ ಅವನು ಹೇಳಿದ, "ಸೇದುವುದು ಬಿಟ್ಟದ್ದು ಅಷ್ಟು ಕಷ್ಟ ಆಗಲಿಲ್ಲ ಫಾದರ್. ಸಂಜೆಯ ಆ ಮಾತು ಇಲ್ಲದ್ದೇ ಕಷ್ಟ ಆದದ್ದು."

ಕಾನೂನು ಏನು ಹೇಳುತ್ತದೆ

ತಲಪಾಡಿ ದಾಟಿದರೆ ಅಂಗಡಿ ಬೋರ್ಡಿನ ಭಾಷೆ ಬದಲಾಗುತ್ತದೆ, ಈ ಕಾನೂನು ಬದಲಾಗುವುದಿಲ್ಲ. ಮಾದಕ ದ್ರವ್ಯಗಳ ಕೇಂದ್ರ ಕಾಯಿದೆ 1985ರ ನವೆಂಬರ್ 14ರಂದು ಜಾರಿಗೆ ಬಂದದ್ದು, ದೇಶಕ್ಕೆಲ್ಲ ಒಂದೇ. ಅದರ 20ನೇ ಸೆಕ್ಷನ್ ಪ್ರಕಾರ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದ ವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ವರೆಗೆ ದಂಡ. ಕೈಯಲ್ಲಿ ಗಾಂಜಾ ಸಿಕ್ಕಿದರೆ ಒಂದು ಕಿಲೋ ವರೆಗಿನದ್ದನ್ನು ಸಣ್ಣ ಪ್ರಮಾಣ ಎಂದು ಎಣಿಸಿ ಒಂದು ವರ್ಷದ ವರೆಗೆ ಸಜೆ, ಹತ್ತು ಸಾವಿರದ ವರೆಗೆ ದಂಡ, ಅಥವಾ ಎರಡೂ. ಆದರೆ ಗಿಡ ಬೆಳೆಸುವುದಕ್ಕೆ ಈ ಸಣ್ಣ ದೊಡ್ಡ ಎಂಬ ಲೆಕ್ಕವೇ ಇಲ್ಲ. "ಸೇದಲಿಕ್ಕೆ ಕೊಳ್ಳುವುದಕ್ಕಿಂತ ಎರಡು ಗಿಡ ನೆಟ್ಟರೆ ಸುರಕ್ಷಿತ" ಎಂದು ಯುವಕರಿಗೆ ಯಾರಾದರೂ ಹೇಳಿದರೆ ಅದು ತಲೆಕೆಳಗಾದ ಸಲಹೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರಂತೂ ಇನ್ನೂ ಜಾಗರೂಕರಾಗಿರಬೇಕು. ಸೌದಿಯಲ್ಲಿ ಮಾದಕ ವಸ್ತು ಸಾಗಿಸಿದವರಿಗೆ ಮರಣದಂಡನೆಯೂ ಆಗಿದೆ.

ದೇಹ ಮನಸ್ಸಿನ ಮಾತೂ ಅಷ್ಟೇ ಮುಖ್ಯ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ, ಚರಸ್ ಬಳಸುತ್ತಿದ್ದರು. ಸೇದಿದವರೆಲ್ಲ ಹಾಳಾಗುತ್ತಾರೆ ಎನ್ನುವುದು ಸರಿಯಲ್ಲ. ಸುಮಾರು ಹತ್ತರಲ್ಲಿ ಒಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ಹದಿಹರೆಯದಲ್ಲಿ ಸುರುಮಾಡಿದವರಲ್ಲಿ ಇದು ಇನ್ನೂ ಹೆಚ್ಚು, ಸುಮಾರು ಆರರಲ್ಲಿ ಒಬ್ಬರು. ಮೆದುಳಿನ ಬೆಳವಣಿಗೆ ಇಪ್ಪತ್ತೈದರ ಹತ್ತಿರದ ವರೆಗೂ ನಡೆಯುತ್ತದೆ. ಚಿಕ್ಕ ವಯಸ್ಸಿನಲ್ಲಿ, ದಿನವೂ, ಹೆಚ್ಚು ಅಮಲಿನದ್ದನ್ನು ಸೇದಿದಷ್ಟೂ ಭ್ರಮೆ, ಸಂಶಯ, ಇಲ್ಲದ ಧ್ವನಿ ಕೇಳುವಂಥ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚು. ಕುಟುಂಬದಲ್ಲಿ ಅಂಥ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಕಥೋಲಿಕ ಧರ್ಮೋಪದೇಶ ಗ್ರಂಥದ 2291ನೇ ಪರಿಚ್ಛೇದ ಚಿಕಿತ್ಸೆಯ ಹೊರತು ಮಾದಕ ವಸ್ತು ಸೇವನೆಯನ್ನು ಗಂಭೀರ ತಪ್ಪು ಎನ್ನುವುದಕ್ಕೆ ಕೊಡುವ ಕಾರಣವೂ ಇದೇ: ಮನುಷ್ಯನ ಆರೋಗ್ಯಕ್ಕೂ ಜೀವಕ್ಕೂ ಆಗುವ ಹಾನಿ.

ಹಾಗಾದರೆ ನಾವೇನು ಮಾಡಬಹುದು?

ಮೊದಲನೆಯದಾಗಿ, ಗಾಂಜಾ ಎಂಬ ಶಬ್ದ ಬಂದ ಕೂಡಲೇ ಮಾತು ನಿಲ್ಲಿಸುವುದನ್ನು ಬಿಡೋಣ. ಮನೆಯಲ್ಲಿ ಅಪ್ಪ ಅಮ್ಮ ಮೇಲಿನ ನಾಲ್ಕು ಸಂಗತಿಗಳನ್ನು ತಿಳಿದು ನಿಧಾನವಾಗಿ ಹೇಳಲಿ. ಕಿರುಚುವುದು ಬೇಡ, ಪಕ್ಕದ ಮನೆಯ ಹುಡುಗನ ಉದಾಹರಣೆ ಕೊಟ್ಟು ಚುಚ್ಚುವುದೂ ಬೇಡ.

ಎರಡನೆಯದಾಗಿ, ಈಗಾಗಲೇ ಅಭ್ಯಾಸಕ್ಕೆ ಬಿದ್ದವರಿದ್ದರೆ ಮುಚ್ಚಿಡಬೇಡಿ. ಅದೇ ಕಾಯಿದೆಯ 64ಎ ಸೆಕ್ಷನ್, ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಾನಾಗಿಯೇ ಸರಕಾರಿ ಅಥವಾ ಸರಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 14446 ಎಂಬ ಉಚಿತ ದೂರವಾಣಿ ವ್ಯಸನಮುಕ್ತಿಗಾಗಿಯೇ ಇದೆ. ಮನಸ್ಸಿನ ತೊಂದರೆಗಳಿಗೆ 2022ರಲ್ಲಿ ಸುರುವಾದ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಕೇರಳದಲ್ಲಿ ಅಬಕಾರಿ ಇಲಾಖೆಯ 'ವಿಮುಕ್ತಿ' ಕೇಂದ್ರಗಳಿವೆ. ನಿಮ್ಮ ಧರ್ಮಗುರುಗಳ ಬಾಗಿಲೂ ಇದೆ. ಅಲ್ಲಿ ಹೇಳಿದ್ದು ಅಂಗಳಕ್ಕೆ ಬರುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಗಿಡದ ಮಾತಿನಲ್ಲಿ ಮಕ್ಕಳಿಗೆ ಜಾಗವಿದೆಯೇ? ಅಂಗಳದಲ್ಲಿ ಹಿರಿಯರು ಬಸಳೆಯ ಬಗ್ಗೆ ತಾಸುಗಟ್ಟಲೆ ಮಾತಾಡುವಾಗ ಹದಿನೆಂಟರ ಹುಡುಗರು ಬೈಕಿನ ಮೇಲೆ ಒಂಟಿಯಾಗಿ ಕಾಯುತ್ತಿರುತ್ತಾರೆ. ಅವರಿಗೆ ಗಿಡದಲ್ಲಿ ಆಸಕ್ತಿ ಇಲ್ಲವೆಂದು ನಾವೇ ತೀರ್ಮಾನ ಮಾಡಿದ್ದೇವೆ. ನಮ್ಮಲ್ಲಿ ಎರಡು ವರ್ಷದಿಂದ ಜೂನ್ ತಿಂಗಳ ಒಂದು ಭಾನುವಾರ ಐಸಿವೈಎಂನ ಯುವಕರೇ ಮೇಜು ಹಾಕಿ ಸಸಿ, ಬೀಜ, ಗೆಲ್ಲುಗಳ ಕೊಡುಕೊಳ್ಳುವಿಕೆ ನಡೆಸುತ್ತಾರೆ. ದುಡ್ಡಿಲ್ಲ, ಭಾಷಣವಿಲ್ಲ. ಮೊದಲ ವರ್ಷ ಹನ್ನೊಂದು ಜನ ಸಸಿ ತಂದಿದ್ದರು. ಎರಡನೇ ವರ್ಷ ಮೇಜು ಸಾಲದೆ ಬೆಂಚು ತರಬೇಕಾಯಿತು. ಎಂದೂ ನನ್ನೊಡನೆ ಮಾತಾಡದಿದ್ದ ಒಬ್ಬ ಹುಡುಗ ತಾನು ಕಸಿ ಕಟ್ಟಿದ ದಾಸವಾಳ ತೋರಿಸಲು ಬಂದು ಮುಕ್ಕಾಲು ಗಂಟೆ ನಿಂತ. ಅದರಲ್ಲಿ ದಾಸವಾಳದ ಮಾತು ಹತ್ತು ನಿಮಿಷ ಇದ್ದಿರಬಹುದು.

ದೂರದೂರಿನಲ್ಲಿ ಕಲಿಯುವ, ದುಡಿಯುವ ಮಕ್ಕಳು ಈ ಮೇಜಿನ ಹತ್ತಿರ ಬರಲಾರರು. ಆದರೆ ನಿಮ್ಮ ಫೋನು ಅವರಿಗೆ ತಲಪುತ್ತದೆ. ಈ ರಾತ್ರಿ ಕರೆಮಾಡಿದಾಗ ಊಟ, ಓದು ಕೇಳಿದ ಮೇಲೆ ಫೋನು ಇಡಬೇಡಿ. ಮನೆಯ ಮಲ್ಲಿಗೆ ಮೊಗ್ಗು ಬಿಟ್ಟದ್ದನ್ನು ಹೇಳಿ, ತೊಂಡೆಗೆ ಹುಳ ಬಿದ್ದದ್ದನ್ನು ಹೇಳಿ. ಆಮೇಲೆ "ಇವತ್ತು ಹೇಗಿತ್ತು ಮಗಾ ನಿನ್ನ ದಿನ?" ಎಂದು ಕೇಳಿ, ಉತ್ತರ ಬರುವ ವರೆಗೆ ಸುಮ್ಮನೆ ಕಾಯಿರಿ. ಮೊದಲ ದಿನ ಬಾರದೆ ಇರಬಹುದು. ಬೀಜ ಹಾಕಿದ ಮರುದಿನವೇ ಮಣ್ಣು ಕೆದಕಿ ನೋಡುವವರಲ್ಲವಲ್ಲ ನಾವು.